ನೀರಿನ ಟ್ಯಾಂಕಿಗೆ ನೇತಾಡಿದ ಕಂಡಕ್ಟರ್

ರಾಜಾಜಿನಗರದ ನನ್ನ ಬೈಂಡಿಂಗ್ ಅಂಗಡಿಯಲ್ಲಿ ನಗು ಬಾರದೆ ಬಾಗಿಲು ಹಾಕಿದ ದಿನವೇ ಇರಲಿಲ್ಲ. ನಾನೇನು ನಗಿಸುವ ಹೆಂಗಸಲ್ಲ. ಹತ್ತು ಜನರನ್ನು ಕೇಳಿದರೆ ಒಂಬತ್ತು ಜನ ನನ್ನನ್ನು ಸಿಡುಕಿ ಅನ್ನುತ್ತಾರೆ, ಹತ್ತನೆಯವನು ಹೆದರಿ ಸುಮ್ಮನಿರುತ್ತಾನೆ. ಆದರೂ ನಗು ಬರಿಸುವಂಥವೆಲ್ಲ ನನ್ನ ಮುಂದೆಯೇ ಬಂದು ನಡೆಯುತ್ತಿದ್ದವು. ಕಾರಣ ನನ್ನ ಟ್ರಂಕು.

ಎಪ್ಪತ್ತರ ದಶಕದಲ್ಲಿ ನಮ್ಮ ಕಡೆ ತುಂಬ ಜನರಿಗೆ ಒಂದು ಹುಚ್ಚು ಹಿಡಿದಿತ್ತು. ಕಾರ್ಖಾನೆ ಗುಮಾಸ್ತರು, ಡ್ರಾಯಿಂಗ್ ಮೇಷ್ಟರುಗಳು, ಕಾಲೇಜು ಹುಡುಗರು ತಾವೇ ಕಥೆ ಕಟ್ಟಿ, ತಾವೇ ಚಿತ್ರ ಬರೆದು, ಸೈಕ್ಲೋಸ್ಟೈಲ್ ಯಂತ್ರದಲ್ಲಿ ಪ್ರತಿ ತೆಗೆದು ಅಂಗೈಯಗಲದ ಪುಸ್ತಕ ಹೊರಡಿಸುತ್ತಿದ್ದರು. ಐವತ್ತು ಪ್ರತಿ, ಹೆಚ್ಚೆಂದರೆ ನೂರು. ಯಾವ ಅಂಗಡಿಯವರೂ ಅವನ್ನು ಮಾರಾಟಕ್ಕೆ ಇಟ್ಟುಕೊಳ್ಳುತ್ತಿರಲಿಲ್ಲ. ಬರೆದವರು ಸ್ನೇಹಿತರಿಗೆ ಹಂಚುವರು, ಸ್ನೇಹಿತರು ಓದುವುದಿಲ್ಲ, ಆರು ತಿಂಗಳಲ್ಲಿ ಪುಸ್ತಕ ಕಡಲೆಕಾಯಿ ಪೊಟ್ಟಣ. ಪೊಟ್ಟಣವಾಗುವ ಮೊದಲೇ ಅದನ್ನು ಹಿಡಿದು ಟ್ರಂಕಿಗೆ ಹಾಕುವುದು ನನ್ನ ಹುಚ್ಚು. ಹಾಗೆ ಟ್ರಂಕು ತುಂಬಿ ಮುಚ್ಚಳ ಕೂರದಂತಾಯಿತು. ಒಂದೇ ಒಂದು ಪುಸ್ತಕ ಮಾತ್ರ ಸಿಗದೆ ಐದು ವರ್ಷ ನನ್ನನ್ನು ಕುಣಿಸಿತು. ಅದರ ವಿಷಯಕ್ಕೆ ಬರುತ್ತೇನೆ.

೧. ಮೊದಲು ಮದುವೆ, ಆಮೇಲೆ ಜನನ

ನಾನು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಯಜಮಾನರು ತೀರಿಕೊಂಡಾಗ ನನಗೆ ಇಪ್ಪತ್ತೆರಡು. ಅಣ್ಣಂದಿರ ಮನೆಗೆ ಹೋಗುವುದಿಲ್ಲ ಎಂದು ಹಟ ಹಿಡಿದು ಒಂದು ಪ್ರೆಸ್ಸಿನಲ್ಲಿ ಫಾರಂ ಮಡಿಸುವ ಕೆಲಸಕ್ಕೆ ಸೇರಿಕೊಂಡೆ. ಪಕ್ಕದಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ ಮುದುಕರನ್ನು ಪೀಡಿಸಿ ದಿನಕ್ಕೊಂದು ಅಕ್ಷರ ಕಲಿತೆ. ವರ್ಷ ತುಂಬುವುದರೊಳಗೆ ಓದಲು ಬಂತು. ಕೈಯಲ್ಲಿ ಮಡಿಸುವ ಕೆಲಸ, ಕಣ್ಣಲ್ಲಿ ಓದುವ ಕೆಲಸ.

ಆದರೆ ಫಾರಂ ಅಂದರೆ ದೊಡ್ಡ ಹಾಳೆ. ಮಡಿಸಿದ ಮೇಲೆಯೇ ಪುಟಗಳು ಸಾಲಾಗಿ ಕೂರುವುದು. ಮಡಿಸುವ ಮೊದಲು ಒಂದನೇ ಪುಟದ ಪಕ್ಕ ಹದಿನಾರು, ಅದರ ಪಕ್ಕ ಹದಿಮೂರು, ಅದರ ಪಕ್ಕ ನಾಲ್ಕು. ಇನ್ನೊಂದು ಸಾಲು ಪೂರ್ತಿ ತಲೆಕೆಳಗು. ಇದನ್ನು ನನಗೆ ಯಾರೂ ಹೇಳಲಿಲ್ಲ. ನಾನು ಹಾಳೆ ಹಾಸಿಕೊಂಡು ಹೇಗಿತ್ತೋ ಹಾಗೇ ಓದಿದೆ.

ಒಂದು ದಿನ ಪ್ರೆಸ್ಸಿನ ಮಾಲೀಕರು ನೋಡಿದರು. "ಏನಮ್ಮ, ಕಾದಂಬರಿ ಓದ್ತಾ ಇದೀಯಾ? ಅರ್ಥ ಆಗುತ್ತಾ?"

"ಚೆನ್ನಾಗಿ ಆಗುತ್ತೆ ಸಾರ್. ಮೊದಲು ಹುಡುಗಿಗೆ ಮದುವೆ ಆಯ್ತು. ಆಮೇಲೆ ಗಂಡನ ಮನೆಯೋರು ಅವಳನ್ನ ನೋಡಕ್ಕೆ ಬಂದ್ರು, ಉಪ್ಪಿಟ್ಟು ತಿಂದ್ರು, ಒಪ್ಪಲಿಲ್ಲ. ಅದಾದ ಮೇಲೆ ಅವಳು ಹುಟ್ಟಿದಳು."

ಅವರು ಕುರ್ಚಿ ಹಿಡಿದುಕೊಂಡು ಕೂತರು. "ಇಂಥಾದ್ದು ಎಷ್ಟು ಪುಸ್ತಕ ಓದಿದೀಯಮ್ಮ?"

"ಹನ್ನೊಂದು."

ಆವತ್ತು ಅವರೇ ಒಂದು ಫಾರಂ ಮಡಿಸಿ, ಕತ್ತರಿಸಿ, ಪುಟ ತಿರುಗಿಸಿ ತೋರಿಸಿದರು. ಆ ಹನ್ನೊಂದನ್ನೂ ಮತ್ತೆ ಸರಿಯಾಗಿ ಓದಿದೆ. ನಿಜ ಹೇಳಬೇಕೆಂದರೆ ನಾಲ್ಕು ಪುಸ್ತಕ ಮೊದಲೇ ಚೆನ್ನಾಗಿದ್ದವು.

೨. ಮೀಸೆಯ ಓನರ್

ಸ್ವಂತ ಅಂಗಡಿ ಇಟ್ಟ ಮೇಲೆ ನಾನೊಂದು ಕಾನೂನು ಮಾಡಿದೆ. ಯಾರೇ ತಮ್ಮ ಸಣ್ಣ ಪುಸ್ತಕವನ್ನು ಹೊಲಿಗೆಗೆ ತಂದರೂ ಒಂದು ಪ್ರತಿ ನನಗೆ ಬಿಟ್ಟು ಹೋಗಬೇಕು. ಕೂಲಿಯಲ್ಲಿ ಚೌಕಾಶಿ ಮಾಡಬಹುದು, ಪ್ರತಿಯಲ್ಲಿ ಇಲ್ಲ.

ಒಮ್ಮೆ ನಿವೃತ್ತ ಡ್ರಾಯಿಂಗ್ ಮೇಷ್ಟರೊಬ್ಬರು ಬಂದರು. ಇಪ್ಪತ್ತನಾಲ್ಕು ಪುಟದ ಚಿತ್ರಕಥೆ, ಬಣ್ಣ ಹಾಕಿ ಕೈಯಲ್ಲೇ ಬರೆದದ್ದು. ಮನೆ ಓನರ್ ಒಬ್ಬ ಬಾಡಿಗೆದಾರರಿಗೆ ಕೊಡುವ ಕಾಟವೇ ಕಥೆ. ಓನರಿಗೆ ಕಿವಿಯವರೆಗೂ ಮೀಸೆ. ಬೆಳಿಗ್ಗೆ ಎದ್ದು ಬಾವಿ ಹಗ್ಗ ಬಿಚ್ಚಿ ಬೀರುವಿನಲ್ಲಿಟ್ಟು ಬೀಗ ಹಾಕುತ್ತಾನೆ.

"ಹೊಲಿದು ಕೊಡ್ತೀನಿ ಮೇಷ್ಟ್ರೇ. ನನ್ನ ಪ್ರತಿ ಎಲ್ಲಿ?"

"ಪ್ರತಿ ಎಲ್ಲಿಂದ ತರ್ಲಿ ತಾಯಿ? ಇರೋದೇ ಇದೊಂದು!"

"ಹಾಗಾದ್ರೆ ಇದು ನನ್ನದು. ನಿಮ್ಮದು ನೀವು ಬರ್ಕೊಳ್ಳಿ."

ಅವರು ಹತ್ತು ನಿಮಿಷ ಕೂಗಾಡಿದರು. ನಾನು ದಬ್ಬಳಕ್ಕೆ ದಾರ ಪೋಣಿಸುತ್ತಾ ಕೂತೆ. ಕೊನೆಗೆ ಅವರೇ ಸೋತು ಮರುದಿನ ಬಣ್ಣದ ಡಬ್ಬಿ ತಂದು ನನ್ನ ಅಂಗಡಿಯಲ್ಲೇ ಕೂತು ಎರಡನೇ ಪ್ರತಿ ಬರೆಯತೊಡಗಿದರು. ಮೂರನೇ ದಿನ ಅಂಗಡಿಯ ಮುಂದೆ ಸೈಕಲ್ ನಿಂತಿತು. ಇಳಿದವರಿಗೆ ಕಿವಿಯವರೆಗೂ ಮೀಸೆ. ಮೇಷ್ಟರ ಕುಂಚ ಕೈಯಿಂದ ಜಾರಿತು. ಯಾರೂ ನನಗೆ ಹೇಳಬೇಕಾಗಿರಲಿಲ್ಲ, ಮೇಷ್ಟರ ಮನೆ ಓನರೇ.

ಓನರ್ ಬಂದವರೇ ಪುಸ್ತಕ ಎತ್ತಿಕೊಂಡರು. ನಿಂತಲ್ಲೇ ಓದಿದರು. ಒಂದು ಪುಟಕ್ಕೆ ನಕ್ಕರು, ಎರಡನೆಯದಕ್ಕೆ ಹೊಟ್ಟೆ ಹಿಡಿದುಕೊಂಡರು, ಬಾವಿ ಹಗ್ಗದ ಪುಟಕ್ಕೆ ಕಣ್ಣೊರೆಸಿಕೊಂಡರು. ಮೇಷ್ಟರು ಮೇಜಿನ ಕಡೆ ಸರಿದು ಸರಿದು ಅರ್ಧ ಅದರಡಿ ಸೇರಿದ್ದರು.

ಓನರ್ ಪುಸ್ತಕ ಮುಚ್ಚಿ ಮೇಷ್ಟರ ಬೆನ್ನು ತಟ್ಟಿದರು. "ಭೇಷ್ ಮೇಷ್ಟ್ರೇ! ನಮ್ಮ ಹಿಂದಿನ ಬೀದಿ ಓನರನ್ನ ಸರಿಯಾಗಿ ಹಿಡಿದಿದೀರಿ. ಆದ್ರೆ ಅವನಿಗೆ ಮೀಸೆ ಇಲ್ವಲ್ಲ, ಯಾಕೆ ಹಾಕಿದ್ರಿ?"

೩. ಸೋಪು ಹಚ್ಚಿದ ಮುಖಗಳು

ಈಗ ಆ ಪುಸ್ತಕದ ವಿಷಯ. ಹಳೇ ಪೇಪರ್ ಅಂಗಡಿಯಲ್ಲಿ ಒಂದು ದಿನ "ಚಂಡಮಾರುತ ಕಂಡಕ್ಟರ್" ಎಂಬ ಚಿತ್ರಕಥೆಯ ಒಂದನೇ, ಎರಡನೇ ಸಂಚಿಕೆ ಸಿಕ್ಕವು. ಬರೆದವರ ಹೆಸರಿಲ್ಲ, ವಿಳಾಸವಿಲ್ಲ. ಕಥಾನಾಯಕ ಬಸ್ ಕಂಡಕ್ಟರ್. ಟಿಕೆಟ್ ಕೊಡುತ್ತಲೇ ಕಳ್ಳರನ್ನು ಹಿಡಿಯುವವನು. ಎರಡನೇ ಸಂಚಿಕೆಯ ಕೊನೇ ಪುಟದಲ್ಲಿ ಕಳ್ಳರು ಅವನನ್ನು ನೀರಿನ ಟ್ಯಾಂಕಿನ ಮೇಲಿಂದ ತಲೆಕೆಳಗಾಗಿ ನೇತುಹಾಕಿದ್ದಾರೆ. ಹಗ್ಗಕ್ಕೆ ಚಾಕು ಹಾಕಿದ್ದಾರೆ, ಇನ್ನೊಂದೇ ಎಳೆ ಬಾಕಿ. ಕೆಳಗೆ "ಮುಂದುವರಿಯುವುದು" ಎಂದಿದೆ.

ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಹುಡುಕಿದೆ, ಹುಡುಕಿದೆ. ತಿಂಗಳ ಮೇಲೆ ನಾಲ್ಕನೇ ಸಂಚಿಕೆ ಕಣ್ಣಿಗೆ ಬಿತ್ತು. ಎಲ್ಲಿ ಅಂದರೆ ಕಟಿಂಗ್ ಶಾಪಿನಲ್ಲಿ, ಗಿರಾಕಿಯೊಬ್ಬನ ಕೈಯಲ್ಲಿ. ಆಗ ಹೆಂಗಸರು ಕಟಿಂಗ್ ಶಾಪಿನ ಮುಂದೆ ನಡೆಯುವಾಗಲೂ ಮುಖ ಆ ಕಡೆ ತಿರುಗಿಸಿಕೊಳ್ಳುತ್ತಿದ್ದರು. ನಾನು ಸೀದಾ ಒಳಗೆ ಹೋದೆ. ಸೋಪು ಹಚ್ಚಿದ ನಾಲ್ಕು ಮುಖಗಳು ಒಟ್ಟಿಗೆ ತಿರುಗಿದವು.

"ಅಮ್ಮಾ, ಇದು ಗಂಡಸರ ಶಾಪು," ಅಂದ ಕಟಿಂಗಿನವನು.

"ಕಂಡಿದೀನಿ. ಆ ಪುಸ್ತಕ ಬೇಕು. ಬದಲಿಗೆ ನಿನ್ನ ಹಳೇ ಸಿನಿಮಾ ಪತ್ರಿಕೆ ಎಲ್ಲ ಬೈಂಡ್ ಮಾಡಿ ಕೊಡ್ತೀನಿ."

ಅವನು ಒಪ್ಪಿದ. ಪುಸ್ತಕ ಹಿಡಿದಿದ್ದ ಗಿರಾಕಿ ಒಪ್ಪಲಿಲ್ಲ. ಅವನಿಗೆ ಒಂದು ಕೆನ್ನೆ ಶೇವ್ ಆಗಿತ್ತು, ಇನ್ನೊಂದು ಆಗಬೇಕಿತ್ತು. "ಇನ್ನು ನಾಲ್ಕೇ ಪುಟ ಇದೆ ಅಕ್ಕಾ. ಮುಗಿಸ್ದೆ ಕೊಡಲ್ಲ."

"ಹಾಗಾದ್ರೆ ಗಟ್ಟಿಯಾಗಿ ಓದಪ್ಪ, ನಾನೂ ಕೇಳ್ತೀನಿ."

ಅವನು ಓದಿದ. ಬರೀ ಮಾತಲ್ಲ, ಚಿತ್ರದ ಪಕ್ಕ ಬರೆದಿದ್ದ ಸದ್ದನ್ನೂ ಬಿಡದೆ ಓದಿದ. "ಧಡ್! ಧಡಾರ್! ಅಯ್ಯೋ ಸತ್ತೆ! ಬಿಡೋ, ಬಿಡೋ!" ಉಳಿದವರು "ಹಾಕು ಇನ್ನೊಂದು!" ಎಂದು ಕೂಗಿದರು. ಕಟಿಂಗಿನವನು ಕತ್ತಿ ಮೇಲೆತ್ತಿ ಹಿಡಿದು ಬಾಯಿ ಬಿಟ್ಟುಕೊಂಡು ಕೇಳುತ್ತಾ ನಿಂತಿದ್ದ. ಅಷ್ಟರಲ್ಲಿ ಬೀದಿಯಲ್ಲಿ ಹೋಗುತ್ತಿದ್ದ ಒಬ್ಬ ಗಟ್ಟಿ ಆಳು ಕೂಗು ಕೇಳಿ ಒಳಗೆ ನುಗ್ಗಿ ಕಟಿಂಗಿನವನ ರಟ್ಟೆ ಹಿಡಿದು ಗೋಡೆಗೆ ಒತ್ತಿದ. "ಅಕ್ಕಾ, ನೀವು ಓಡಿ! ಇವನನ್ನ ನಾನು ನೋಡ್ಕೋತೀನಿ!"

ನಾನು ಓಡಲಿಲ್ಲ. ಪುಸ್ತಕ ಕಿತ್ತುಕೊಂಡು ಗಂಭೀರವಾಗಿ ನಡೆದುಕೊಂಡೇ ಹೋದೆ.

ಮನೆಗೆ ಬಂದು ಮೊದಲ ಪುಟ ತೆಗೆದರೆ, ಚಂಡಮಾರುತ ಕಂಡಕ್ಟರ್ ಹೋಟೆಲಿನಲ್ಲಿ ಕೂತು ಮಸಾಲೆ ದೋಸೆ ತಿನ್ನುತ್ತಿದ್ದಾನೆ. ಅಂಗಿಗೆ ಇಸ್ತ್ರಿ ಬೇರೆ ಆಗಿದೆ! ಟ್ಯಾಂಕಿನಿಂದ ಹೇಗೆ ಇಳಿದ? ಒಂದು ಮಾತಿಲ್ಲ. ಅದಿರುವುದು ಮೂರನೇ ಸಂಚಿಕೆಯಲ್ಲಿ. ಐದರಿಂದ ಹನ್ನೆರಡರವರೆಗೆ ಆಮೇಲೆ ಒಂದೊಂದಾಗಿ ಸಿಕ್ಕವು, ಮೂರು ಮಾತ್ರ ಸಿಗಲಿಲ್ಲ.

೪. ಇದೆ, ಆದರೆ ಇವತ್ತು ಬೇಡ

ನನ್ನಂತೆ ಸಣ್ಣ ಪುಸ್ತಕ ಕೂಡಿಡುವವರು ನಮ್ಮ ಸುತ್ತಿನಲ್ಲಿ ಇನ್ನೊಬ್ಬರೇ ಇದ್ದದ್ದು. ವಿಜಯನಗರದ ಒಬ್ಬ ಹೆಡ್ ಕ್ಲಾರ್ಕ್. ಪ್ರತಿ ಪುಸ್ತಕಕ್ಕೂ ಬೇರೆ ಬೇರೆ ಕವರು, ಕವರಿನಲ್ಲಿ ಕರ್ಪೂರ. ಮಾತನಾಡುವಾಗ ಕನ್ನಡಕವನ್ನು ಹಣೆಗೇರಿಸಿ, ನಾವೆಲ್ಲ ಯಾವುದೋ ಅರ್ಜಿ ಹಿಡಿದು ಬಂದವರು ಎಂಬಂತೆ ನೋಡುತ್ತಿದ್ದರು.

"ಚಂಡಮಾರುತ ಕಂಡಕ್ಟರ್ ಮೂರನೇದಾ? ನನ್ನ ಹತ್ರ ಇದೆ," ಅಂದರು.

ನಾನು ಕುರ್ಚಿಯ ತುದಿಗೆ ಸರಿದೆ. "ಒಂದು ಸಲ ತೋರಿಸಿ ಸಾರ್. ಕೊಡೋದು ಬೇಡ."

"ಇವತ್ತು ಬೇಡ. ರಾಹುಕಾಲ."

ಮುಂದಿನ ವಾರ ಹೋದರೆ ಬೀರುವಿನ ಬೀಗದ ಕೈ ಹೆಂಡತಿಯ ಸೊಂಟದಲ್ಲಿದೆ, ಹೆಂಡತಿ ಕೆಂಗೇರಿಯ ತವರಿನಲ್ಲಿದ್ದಾರೆ. ಅದರ ಮುಂದಿನ ವಾರ ಹೆಂಡತಿ ಬಂದಿದ್ದಾರೆ, ಬೀಗದ ಕೈ ಕೆಂಗೇರಿಯಲ್ಲಿದೆ. ಈ ನಡುವೆ ಅವರು ಕೇಳಿದ ನಾಲ್ಕು ಒಳ್ಳೆಯ ಪುಸ್ತಕಗಳನ್ನು, ನನ್ನ ಕೈಯಾರೆ ಹಾಕಿದ ಒಂದು ಜಾಡಿ ಮಾವಿನಮಿಡಿ ಉಪ್ಪಿನಕಾಯಿಯನ್ನು ಕೊಟ್ಟಿದ್ದೆ.

"ಹೋಗಲಿ, ಹೇಗೆ ಇಳಿದ ಅಂತನಾದ್ರೂ ಹೇಳಿ."

"ಅದಾ? ಪಂಚೆ ಹರಿದು ಹಗ್ಗ ಮಾಡ್ಕೊಂಡು ಇಳಿದ."

"ಅವನು ಪ್ಯಾಂಟ್ ಹಾಕಿದಾನಲ್ಲ ಸಾರ್."

ಕನ್ನಡಕ ಹಣೆಯಿಂದ ಮೂಗಿಗೆ ಇಳಿಯಿತು. "ಪಂಚೆ ಅವನದಲ್ಲ. ಟ್ಯಾಂಕಿನ ಮೇಲೆ ಯಾರೋ ಒಣಗಿಸಿದ್ರು."

ಮತ್ತೊಂದು ತಿಂಗಳು ಕೇಳಿದಾಗ ಹದ್ದೊಂದು ಬಂದು ಎತ್ತಿಕೊಂಡು ಹೋಯಿತು ಅಂದರು. "ಹೋದ ಸಲ ಹದ್ದು ಇರಲಿಲ್ಲ," ಅಂದೆ.

"ಇತ್ತಮ್ಮ. ಚಿತ್ರದಲ್ಲಿ ದೂರ ಇತ್ತು."

ನನಗೆ ಸಿಟ್ಟು ಬಂತು. ಮುಖದ ಮೇಲೇ ಹೇಳಿದೆ, ತೋರಿಸದಿದ್ದರೆ ಬಿಡಿ, ನಾನೇ ಹುಡುಕಿಕೊಳ್ಳುತ್ತೇನೆ ಎಂದು. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನೋಡಮ್ಮ, ಫಾರಂ ಮಡಿಸೋದು ಬೇರೆ, ಸಂಗ್ರಹ ಮಾಡೋದು ಬೇರೆ. ಸೆಟ್ ಪೂರ್ತಿ ಇದ್ರೆ ಸಂಗ್ರಹ. ಒಂದು ಕಮ್ಮಿ ಇದ್ರೂ ಅದು ರದ್ದಿ."

ರದ್ದಿ! ನಾನು ಕೈಯಲ್ಲಿ ಹಿಡಿದು, ಧೂಳು ಹೊಡೆದು, ಹರಿದ ಬೆನ್ನು ಅಂಟಿಸಿ ಉಳಿಸಿದ್ದೆಲ್ಲ ರದ್ದಿ! ಆ ದಿನ ವಿಜಯನಗರದಿಂದ ರಾಜಾಜಿನಗರದವರೆಗೂ ನಡೆದೇ ಬಂದೆ. ಬಸ್ಸು ಹತ್ತಿದ್ದರೆ ಯಾರ ಮೇಲಾದರೂ ಕೈ ಮಾಡುತ್ತಿದ್ದೆನೇನೋ. ಆ ಮೂರನೆಯದನ್ನು ತಂದು ಈ ಮನುಷ್ಯನ ಮೂಗಿನ ಕೆಳಗೆ ಹಿಡಿಯದಿದ್ದರೆ ನಾನು ನಾನಲ್ಲ ಎಂದುಕೊಂಡೆ.

ಉಪ್ಪಿನಕಾಯಿ ಜಾಡಿ ಮಾತ್ರ ವಾಪಸ್ಸು ಬಂತು. ತೊಳೆದಿರಲಿಲ್ಲ.

೫. ತನಿಖೆ

ತುರ್ತು ಪರಿಸ್ಥಿತಿ ಬಂತು. ಸೈಕ್ಲೋಸ್ಟೈಲ್ ಆದ ಕಾಗದ ಎಲ್ಲಿದ್ದರೂ ಸರ್ಕಾರದ ವಿರುದ್ಧದ ಕರಪತ್ರವೇ ಎಂದು ಅನುಮಾನ. ನನ್ನ ಹತ್ತಿರ ಟ್ರಂಕ್ ತುಂಬ ಅದೇ. ಯಾರೋ ಹೇಳಿರಬೇಕು, ಒಬ್ಬ ಕಾನ್‌ಸ್ಟೇಬಲ್ ಬಂದರು.

"ಪೆಟ್ಟಿಗೆ ತೆಗೀರಿ. ಎಲ್ಲಾ ಓದಿ ನೋಡ್ಬೇಕು ಅಂತ ಆರ್ಡರ್."

"ಎಲ್ಲಾನೂ?"

"ಒಂದೂ ಬಿಡದ ಹಾಗೆ."

ಸ್ಟೂಲು ಹಾಕಿ, ಟ್ರಂಕು ಮುಂದಿಟ್ಟೆ. ಅವರು ಟೋಪಿ ತೆಗೆದಿಟ್ಟು ಮೇಲಿನಿಂದ ಒಂದೊಂದೇ ಓದತೊಡಗಿದರು. ಮೊದಲ ದಿನ ಹುಬ್ಬು ಗಂಟು ಹಾಕಿಕೊಂಡು ಓದಿದರು. ಎರಡನೇ ದಿನ ಕಡಲೆಪುರಿ ತಂದರು. ಮೂರನೇ ದಿನ ಚಂಡಮಾರುತ ಕಂಡಕ್ಟರ್ ಕೈಗೆ ಸಿಕ್ಕಿತು. ಒಂದು ಮುಗಿಸಿದರು, ಎರಡು ಮುಗಿಸಿದರು, ಆಮೇಲೆ ಟ್ರಂಕನ್ನೆಲ್ಲ ಕೆದಕಿದರು.

"ಮೂರನೇದು ಎಲ್ಲಮ್ಮ?"

"ಇಲ್ಲ ಸಾರ್."

ಅವರು ಎದ್ದು ನಿಂತು ಟೋಪಿ ಹಾಕಿಕೊಂಡರು. ದನಿಯೇ ಬದಲಾಯಿತು. "ಇಲ್ವಾ, ಬಚ್ಚಿಟ್ಟಿದೀರಾ?"

"ಇದ್ದಿದ್ರೆ ನಾನೇ ಓದ್ತಿರಲಿಲ್ವಾ ಸಾರ್!"

"ಹಾಗಾದ್ರೆ ಇವನು ಟ್ಯಾಂಕಿಂದ ಹೇಗೆ ಇಳಿದ?"

"ನನಗೆ ಗೊತ್ತಿಲ್ಲ."

"ಯಾರು ಇಳಿಸಿದ್ರು?"

"ಗೊತ್ತಿಲ್ಲ."

"ಎರಡಕ್ಕೂ ನಾಲ್ಕಕ್ಕೂ ನಡುವೆ ಎಲ್ಲಿದ್ದ?"

"ಸತ್ಯವಾಗ್ಲೂ ಗೊತ್ತಿಲ್ಲ ಸಾರ್!"

ಇದೆಲ್ಲ ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ಪಕ್ಕದ ಅಂಗಡಿಯವನು ಯಾರೋ ದೊಡ್ಡ ಕ್ರಾಂತಿಕಾರಿ ತಪ್ಪಿಸಿಕೊಂಡಿದ್ದಾನೆ ಎಂದು ಷಟರ್ ಎಳೆದುಕೊಂಡು ಮನೆಗೆ ಹೋದ. ಕಾನ್‌ಸ್ಟೇಬಲ್ ಮಾತ್ರ ನಾಲ್ಕರಿಂದ ಹನ್ನೆರಡರವರೆಗೂ ಇದ್ದದ್ದನ್ನು ಓದಿ ಮುಗಿಸಿ, ಆಕ್ಷೇಪಣೆ ಮಾಡುವಂಥದ್ದು ಏನೂ ಇಲ್ಲ ಎಂದು ಬರೆದುಕೊಂಡರು. ಹೊಸಿಲು ದಾಟುವಾಗ ತಿರುಗಿ ನೋಡಿ ಮೆಲ್ಲಗೆ ಅಂದರು, "ಸಿಕ್ಕಿದ್ರೆ ಸ್ಟೇಷನ್‌ಗೆ ಹೇಳಿ ಕಳಿಸಿ. ಕೇಸು ಕ್ಲೋಸ್ ಮಾಡಿಲ್ಲ."

೬. ಮದುವೆ ಸುದ್ದಿ

ನಮ್ಮ ಬ್ಲಾಕಿನ ಸಂಘದವರು ರಾಜ್ಯೋತ್ಸವಕ್ಕೆ ಶಾಲೆಯ ಹಾಲಿನಲ್ಲಿ ಇಂಥ ಸಣ್ಣ ಪುಸ್ತಕಗಳ ಪ್ರದರ್ಶನ ಇಡುತ್ತೇವೆ ಎಂದರು. ನನಗೊಂದು ಮೇಜು, ಹೆಡ್ ಕ್ಲಾರ್ಕಿಗೊಂದು ಮೇಜು, ಎದುರು ಬದುರು. ಉಳಿದದ್ದು ಎರಡು ವಾರ. ಜನರೆಲ್ಲರ ಮುಂದೆ ನನ್ನದನ್ನು ರದ್ದಿ ಅನ್ನಿಸಿಕೊಳ್ಳಲು ನಾನು ತಯಾರಿರಲಿಲ್ಲ.

ಆ ವಾರವೇ ಎರಡನೇ ಸಂಚಿಕೆಯ ದಾರ ಸಡಿಲವಾಗಿ, ಬಿಚ್ಚಿ ಹೊಲಿಯೋಣವೆಂದು ಕೂತೆ. ಗಂಟು ನೋಡಿ ಕೈ ನಿಂತಿತು. ಅದು ಬೈಂಡಿಂಗಿನ ಗಂಟೇ ಅಲ್ಲ. ಹೂವು ಕಟ್ಟುವವರು ಹಾಕುವ ಗಂಟು. ಅದೂ ಎಡಗೈಯಲ್ಲಿ ಹಾಕಿದ್ದು, ಸುತ್ತು ಉಲ್ಟಾ. ಹನ್ನೊಂದು ಪುಸ್ತಕ ನೋಡಿದೆ, ಹನ್ನೊಂದರಲ್ಲೂ ಅದೇ. ಐದು ವರ್ಷ ಕಥೆ ಓದಿದೆನೇ ಹೊರತು ಹೊಲಿಗೆ ನೋಡಿರಲಿಲ್ಲ. ಅಂಗಡಿಗೆ ಬೈಂಡರ್ ಅಂತ ಬೋರ್ಡು ಬೇರೆ!

ಸರಿ, ಎಡಗೈಯಲ್ಲಿ ಹೂವು ಕಟ್ಟುವವರನ್ನು ಹುಡುಕಬೇಕು. ದಿನಾ ಒಂದೊಂದು ಕಡೆ ಹೋಗಿ, ಕಂಡ ಹೂವಿನವರ ಹತ್ತಿರವೆಲ್ಲ ಒಂದೊಂದು ಮೊಳ ಕೊಂಡು ಗಂಟು ಪರೀಕ್ಷೆ ಮಾಡತೊಡಗಿದೆ. ಮಹಾಲಕ್ಷ್ಮಿ ಲೇಔಟ್ ಮುಗಿಯಿತು, ಬಸವೇಶ್ವರನಗರದ ಹೊಸ ಸೈಟುಗಳ ಕಡೆಯೂ ಮುಗಿಯಿತು. ಸಂಜೆ ಬುಟ್ಟಿ ತುಂಬ ಮಲ್ಲಿಗೆ, ಕನಕಾಂಬರ ಹೊತ್ತು ಮನೆಗೆ ಬರುತ್ತಿದ್ದೆ.

ಇಪ್ಪತ್ತು ವರ್ಷ ಹೂವು ಮುಟ್ಟದ ವಿಧವೆ ದಿನಾ ಬುಟ್ಟಿಗಟ್ಟಲೆ ಹೂವು ತಂದರೆ ಬೀದಿ ಸುಮ್ಮನಿರುತ್ತದೆಯೇ? ಎದುರು ಮನೆಯಾಕೆ ನಲ್ಲಿ ಹತ್ತಿರ ಹಿಡಿದು ನಿಲ್ಲಿಸಿದರು. "ಏನ್ರೀ, ಏನೋ ಶುಭ ಸಮಾಚಾರ ಇದ್ದ ಹಾಗಿದೆ? ನಮ್ಮ ಹತ್ರ ಮುಚ್ಚಿಡೋದಾ?"

ನನ್ನ ತಲೆಯಲ್ಲಿ ಇದ್ದದ್ದು ಒಂದೇ ವಿಷಯ. "ಮುಚ್ಚಿಡೋಕೇನಿದೆ? ಒಬ್ಬ ಕಂಡಕ್ಟರ್ ವಿಷಯಕ್ಕೆ ಓಡಾಡ್ತಾ ಇದೀನಿ. ಐದು ವರ್ಷದಿಂದ ನನ್ನ ತಲೆ ಕೆಡಿಸಿದಾನೆ."

ಮರುದಿನ ಅಂಗಡಿಗೆ ಬರಲು ಬಸ್ಸು ಹತ್ತಿದೆ. ಕಂಡಕ್ಟರ್ ನನ್ನ ಮುಖ ನೋಡಿ ಎರಡು ಹೆಜ್ಜೆ ಹಿಂದೆ ಸರಿದು ಕೈ ಮುಗಿದ. "ಅಮ್ಮಾ, ನನಗೆ ಮದುವೆಯಾಗಿ ಇಬ್ಬರು ಮಕ್ಕಳಿದಾರೆ. ನೀವು ಹುಡುಕ್ತಿರೋದು ನನ್ನನ್ನಲ್ಲ."

೭. ಮೂರು ದೋಸೆ

ಆರನೇ ದಿನ ಮಾಗಡಿ ರಸ್ತೆಯ ಟೋಲ್‌ಗೇಟ್ ಹತ್ತಿರ ಕೂತಿದ್ದ ಹೂವಿನಾಕೆಯ ಗಂಟು ಉಲ್ಟಾ ಬಂತು. ಅರವತ್ತರ ಹತ್ತಿರದ ಹೆಂಗಸು, ಬಾಯಿ ತುಂಬ ಎಲೆಅಡಿಕೆ, ಎಡಗೈ ಮಿಂಚಿನ ಹಾಗೆ ಓಡುತ್ತಿತ್ತು. ಚೀಲದಿಂದ ಎರಡನೇ ಸಂಚಿಕೆ ತೆಗೆದು ತೋರಿಸಿದೆ.

"ಅಕ್ಕಾ, ಇದನ್ನ ಹೊಲಿದೋರು ನೀವಾ?"

"ಹೂಂ ತಾಯಿ. ನನ್ ಮಗ ಗೀಚ್ತಾನೆ, ನಾನು ಹೊಲೀತೀನಿ. ಯಾಕೆ, ಬಿಚ್ಚೋಯ್ತಾ?"

ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. "ಮೂರನೇ ಸಂಚಿಕೆ ಬೇಕು ಅಕ್ಕಾ. ಒಂದೇ ಒಂದು ಪ್ರತಿ."

"ಮೂರನೇದಾ? ಮೂರು ಎಲ್ಲಿಂದ ಬರುತ್ತೆ?" ಆಕೆ ನನ್ನನ್ನು ತಿಳಿಗೇಡಿಯಂತೆ ನೋಡಿದರು. "ನಿಮ್ಮನೇಲಿ ತಟ್ಟೆಗೆ ಮೂರು ದೋಸೆ ಹಾಕ್ತೀರಾ?"

"ಇಲ್ಲ."

"ಮೂರು ಜನ ಒಟ್ಟಿಗೆ ಒಳ್ಳೇ ಕೆಲಸಕ್ಕೆ ಹೊರಡ್ತೀರಾ?"

"ಇಲ್ಲ."

"ಮತ್ತೆ ಪುಸ್ತಕಕ್ಕೆ ಮಾತ್ರ ಮೂರು ಹಾಕ್ಬೋದಾ? ಅದಕ್ಕೇ ಎರಡಾದ ಮೇಲೆ ನಾಲ್ಕು ಹಾಕೋ ಅಂದೆ. ಹಾಕ್ದ."

ಐದು ವರ್ಷ! ಇಲ್ಲದ ಪುಸ್ತಕಕ್ಕೆ ಐದು ವರ್ಷ! ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಆಮೇಲೆ ನನ್ನ ನಾಲ್ಕು ಪುಸ್ತಕ, ಉಪ್ಪಿನಕಾಯಿ, ರಾಹುಕಾಲ, ಹದ್ದು ಎಲ್ಲ ಒಟ್ಟಿಗೆ ನೆನಪಾಗಿ ನಗುವೇ ಗೆದ್ದಿತು. ಎಷ್ಟು ನಕ್ಕೆ ಅಂದರೆ ಬಸ್ಸಿಗೆ ಕಾಯುತ್ತಿದ್ದವರು ಸೋಡಾ ತಂದುಕೊಟ್ಟರು.

ಸಂಜೆ ಕಾಮಾಕ್ಷಿಪಾಳ್ಯದ ಅವರ ಮನೆಗೆ ಹೋದೆ. ಮಗ ಒಂದು ಕಾರ್ಖಾನೆಯಲ್ಲಿ ಟೈಪಿಸ್ಟ್. ನಾಚಿಕೆಯ ಮನುಷ್ಯ. ತನ್ನ ಪುಸ್ತಕವನ್ನು ಒಬ್ಬರು ಹುಡುಕಿಕೊಂಡು ಬಂದಿದ್ದಾರೆ ಎಂದು ಕೇಳಿಯೇ ಅರ್ಧ ಬೆವರಿದ್ದ.

"ಅಲ್ಲಪ್ಪ, ಆ ಕಂಡಕ್ಟರನ್ನ ಟ್ಯಾಂಕಿಂದ ಇಳಿಸಿದ್ಯಾರು?"

"ಮರೆತುಬಿಟ್ಟೆ ಅಮ್ಮಾ. ನಾಲ್ಕನೇದು ಶುರು ಮಾಡೋ ಹೊತ್ತಿಗೆ, ಪಾಪ ಅಷ್ಟು ದಿನ ನೇತಾಡಿದಾನೆ, ಹಸಿವಾಗಿರುತ್ತೆ ಅನ್ನಿಸ್ತು. ಹೋಟೆಲಿಗೆ ಕರ್ಕೊಂಡು ಹೋದೆ."

"ಈಗ ಇಳಿಸು. ಇಳಿಸೋವರೆಗೂ ನಾನು ಏಳಲ್ಲ."

ನಾನು ಏಳುವುದಿಲ್ಲ ಅಂದರೆ ಏಳುವುದಿಲ್ಲ. ಅವನು ತಾಯಿಯ ಮುಖ ನೋಡಿದ. ಆಕೆ ಕೈಯಲ್ಲಿದ್ದ ಮೊಳ ಹೂವು ಕಟ್ಟಿ ಮುಗಿಸಿದರು. ಕೊನೆಗೆ, "ಮೂರು ದೋಸೆ ಹಾಕ್ಲೇಬೇಕಾದ್ರೆ ಒಂ‌ದರ ತುದಿ ಮುರಿದು ಪಕ್ಕಕ್ಕಿಡ್ತೀವಿ. ಹಾಗೆ ಮಾಡಾಣ. ಪುಸ್ತಕದ ಮೂಲೆ ಕತ್ತರಿಸಿ ಒಳಗೆ ಹೊಲೀತೀನಿ. ದೋಷ ಇಲ್ಲ," ಅಂದರು.

ಅವನು ಪೆನ್ನು ತೆಗೆದ. ಆದರೆ ಹೇಗೆ ಇಳಿಸುವುದು ಎಂದು ಅವನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಮತ್ತೆ ತಾಯಿಯೇ ಹೇಳಬೇಕಾಯಿತು. "ಕಂಡಕ್ಟರ್ ಅಲ್ವೇನೋ? ಸೀಟಿ ಊದ್ಲಿ. ಲಾಸ್ಟ್ ಬಸ್ ಹೊರಟಿತು ಅಂದ್ರೆ ಯಾವ ಕಳ್ಳ ಟ್ಯಾಂಕಿನ ಮೇಲೆ ನಿಲ್ತಾನೆ?"

೮. ಗಾಜಿನ ಪೆಟ್ಟಿಗೆ

ರಾಜ್ಯೋತ್ಸವದ ದಿನ ಹಾಲಿಗೆ ಹೋದರೆ ಹೆಡ್ ಕ್ಲಾರ್ಕ್ ಮೇಜಿನ ಮುಂದೆ ಗುಂಪು. ಅವರು ಚಂಡಮಾರುತ ಕಂಡಕ್ಟರನ್ನು ಸಾಲಾಗಿ ಜೋಡಿಸಿದ್ದರು. ಒಂದು, ಎರಡು, ಆಮೇಲೆ ಒಂದು ಗಾಜಿನ ಪೆಟ್ಟಿಗೆ, ಆಮೇಲೆ ನಾಲ್ಕು. ಗಾಜಿನ ಪೆಟ್ಟಿಗೆ ಖಾಲಿ. ಅದರೊಳಗೆ ಮುತ್ತಿನಂಥ ಅಕ್ಷರದಲ್ಲಿ ಒಂದು ಚೀಟಿ: "ಮೂರನೇ ಸಂಚಿಕೆ. ಅತ್ಯಂತ ಅಪರೂಪದ್ದಾದ ಕಾರಣ ಮನೆಯಲ್ಲಿ ಭದ್ರವಾಗಿ ಇಡಲಾಗಿದೆ." ಜನ ಸಾಲಲ್ಲಿ ನಿಂತು ಆ ಖಾಲಿ ಪೆಟ್ಟಿಗೆಯನ್ನು ಬಗ್ಗಿ ಬಗ್ಗಿ ನೋಡುತ್ತಿದ್ದರು. ಒಬ್ಬರು ಕೈ ಮುಗಿದದ್ದನ್ನೂ ಕಂಡೆ.

ನಾನು ನನ್ನ ಮೇಜಿನ ಮೇಲೆ ಒಂದು, ಎರಡು, ಮೂರು, ನಾಲ್ಕು ಎಂದು ಹನ್ನೆರಡೂ ಇಟ್ಟೆ. ಮೂರನೆಯದರ ಇಂಕು ಸರಿಯಾಗಿ ಆರಿರಲಿಲ್ಲ. ಬರೆದವನು ನನ್ನ ಪಕ್ಕದಲ್ಲೇ ಇದ್ದ, ಬೆರಳೆಲ್ಲ ಮಸಿ. ಅವನ ತಾಯಿ ಹೂವಿನ ಬುಟ್ಟಿಯೊಂದಿಗೆ ಹಿಂದೆ ಕೂತಿದ್ದರು. "ಮೂರನೇದು ಇಲ್ಲಿದೆ! ಓದಬಹುದು!" ಎಂದು ಒಂದು ಸಲ ಕೂಗಿದೆ.

ಗುಂಪು ಅಷ್ಟೂ ಈ ಕಡೆ ಬಂತು. ಮುಂದಿದ್ದವರು ಗಟ್ಟಿಯಾಗಿ ಓದಿದರು. ಒಂದೇ ಎಳೆಯಲ್ಲಿ ತಲೆಕೆಳಗಾಗಿ ನೇತಾಡುತ್ತಾ ಕಂಡಕ್ಟರ್ ಸೀಟಿ ಊದುತ್ತಾನೆ, "ಲಾಸ್ಟ್ ಬಸ್, ಕೆಂಗೇರಿ, ಕೆಂಗೇರಿ!" ಎಂದು ಕೂಗುತ್ತಾನೆ. ಕಳ್ಳರು ಚಾಕು ಬಿಸಾಕಿ, ಒಬ್ಬರನ್ನೊಬ್ಬರು ತಳ್ಳಿಕೊಂಡು ಏಣಿ ಇಳಿದು ಓಡುತ್ತಾರೆ. ಡ್ರೈವರ್ ಬಸ್ಸನ್ನು ಟ್ಯಾಂಕಿನ ಕೆಳಗೆ ತರುತ್ತಾನೆ, ಎಳೆ ಕಡಿಯುತ್ತದೆ, ಕಂಡಕ್ಟರ್ ಬಸ್ಸಿನ ಮೇಲೆ ಬೀಳುತ್ತಾನೆ. ಒಳಗೆ ಸೀಟು ಹಿಡಿದು ಕೂತಿದ್ದ ಕಳ್ಳರಿಗೆ ಮೊದಲು ಟಿಕೆಟ್ ಕೊಟ್ಟು, ಆಮೇಲೆ ಹಿಡಿಯುತ್ತಾನೆ. ಹಾಲಿನಲ್ಲಿ ಶಿಳ್ಳೆ ಬಿತ್ತು.

ಗುಂಪು ಸೀಳಿಕೊಂಡು ಹೆಡ್ ಕ್ಲಾರ್ಕ್ ಬಂದರು. ಮುಖ ಬೆಳ್ಳಗಾಗಿತ್ತು. ನಾನು ಪುಸ್ತಕ ತೆಗೆದು, ವರ್ಷಗಳಿಂದ ಅಂದುಕೊಂಡಿದ್ದ ಹಾಗೆಯೇ, ಅವರ ಮೂಗಿನ ಕೆಳಗೆ ಹಿಡಿದೆ. "ನೋಡಿ ಸಾರ್. ಇದು ಸಂಗ್ರಹಾನಾ, ರದ್ದೀನಾ?"

ಅವರು ಕನ್ನಡಕ ಸರಿ ಮಾಡಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು. ಕತ್ತರಿಸಿದ ಮೂಲೆಯ ಮೇಲೆ ಬೆರಳಾಡಿಸಿದರು. ನಿಧಾನವಾಗಿ ಬಣ್ಣ ವಾಪಸ್ಸು ಬಂತು.

"ಸಂಗ್ರಹವೇ. ಆದ್ರೆ ನೋಡಿ, ಮೂಲೆ ಕತ್ತರಿಸಿದೆ. ಅಂದ್ರೆ ಇದು ಎರಡನೇ ಮುದ್ರಣ. ನನ್ನ ಹತ್ರ ಇರೋದು ಮೊದಲನೇ ಮುದ್ರಣ."

ನಾನು ಪುಸ್ತಕ ವಾಪಸ್ಸು ಕಿತ್ತುಕೊಂಡೆ.

ಪಕ್ಕದಲ್ಲಿದ್ದ ಟೈಪಿಸ್ಟ್ ಮುಂದೆ ಬಂದು ಭಕ್ತಿಯಿಂದ ಕೈ ಮುಗಿದ. "ಸಾರ್, ದಯವಿಟ್ಟು ಅದನ್ನ ಒಂದು ಸಲ ನನಗೆ ತೋರಿಸ್ತೀರಾ? ಈ ಪುಸ್ತಕಗಳನ್ನೆಲ್ಲ ಬರೆದವನು ನಾನೇ. ನನ್ನ ಹತ್ರಾನೇ ಅದು ಇಲ್ಲ."

ಜನ ಇನ್ನೂ ಹತ್ತಿರ ಒತ್ತಿಕೊಂಡು ಬಂದರು. ಈಗ ಸಿಕ್ಕಿಬಿದ್ದರು ಎಂದು ನಾನು ಸೊಂಟದ ಮೇಲೆ ಕೈಯಿಟ್ಟು ನಿಂತೆ. ಹೆಡ್ ಕ್ಲಾರ್ಕ್ ಕನ್ನಡಕವನ್ನು ಹಣೆಗೇರಿಸಿದರು. ಆಮೇಲೆ ಅವನ ಹೆಗಲ ಮೇಲೆ ಕೈ ಹಾಕಿ, ಜನರ ಕಡೆ ತಿರುಗಿ, ತಮ್ಮ ಖಾಲಿ ಪೆಟ್ಟಿಗೆಯನ್ನು ತೋರಿಸಿದರು.

"ಕೇಳಿಸ್ಕೊಂಡ್ರಾ? ಬರೆದೋರ ಹತ್ರಾನೇ ಇಲ್ವಂತೆ! ಎಷ್ಟು ಅಪರೂಪದ್ದು ಅಂತ ಈಗಲಾದ್ರೂ ಗೊತ್ತಾಯ್ತಾ?"